‘ಜಾಲಿ’ ಎಂಬ ಶಬ್ದದ ದುರುಪಯೋಗ

ಒಂದು ಶಬ್ದದ ಮೇಲೆ ಅಗ್ರಲೇಖವನ್ನು ಬರೆಯುವಷ್ಟು ವಿರಾಮವು ಪತ್ರಿಕಾಕರ್ತರಿಗೆ ಇರಬಾರದೆಂದು ಕೆಲವು ವಾಚಕರು ಅನ್ನಬಹುದು. ಮಹಾದಾಯಿಯ ನೀರಿನ ಪ್ರಶ್ನೆಯಿದೆ, ಧಾರಣೆಯ ಏರಿಳಿತದಿಂದ ಕಂಗೆಟ್ಟಿರುವ ಒಕ್ಕಲಿಗನ ಪ್ರಶ್ನೆಯಿದೆ. ಇವುಗಳನ್ನು ಬದಿಗಿಟ್ಟು ಶಬ್ದಚರ್ಚೆಗೆ ಕೂಡುವುದು ಪಂಡಿತರ ಚಪಲವೆಂದು ತೋರುವುದು ಸಹಜವೇ. ಆದರೆ ಅಕ್ಕಸಾಲಿಗನು ತನ್ನ ತಕ್ಕಡಿಯನ್ನು ಆಗಾಗ ಒರೆಸಿ ನೋಡುವಂತೆ, ಶಬ್ದಗಳಿಂದಲೇ ವ್ಯವಹರಿಸತಕ್ಕ ಪತ್ರಿಕೆಗಳವರು ತಾವು ನಿತ್ಯವೂ ತೂಗಿ ಕೊಡುವ ಮಾತುಗಳನ್ನು ಒಮ್ಮೊಮ್ಮೆ ಪರೀಕ್ಷಿಸುವುದು ಆವಶ್ಯಕವಾಗಿದೆ. ಇಂದು ನಾವು ಪರೀಕ್ಷೆಗೆ ಎತ್ತಿಕೊಂಡಿರುವ ಶಬ್ದವು ‘ಜಾಲಿ’ ಎಂಬುದು. ಗೆಳೆಯರು ಗೆಳೆಯರೊಡನೆ ಈ ಮಾತನ್ನು ಆಡಿದರೆ ನಮ್ಮದೇನೂ ತಕರಾರಿಲ್ಲ. ಆದರೆ ರಸ್ತೆಯ ಮೇಲಿನ ಸಾವಿನ ಸುದ್ದಿಗೂ, ಸೆರೆಮನೆಯ ಅವ್ಯವಸ್ಥೆಯ ಸುದ್ದಿಗೂ ಇದೇ ಶಬ್ದವನ್ನು ತಲೆಬರಹವಾಗಿ ಏರಿಸುವ ಪದ್ಧತಿಯು ಕನ್ನಡದ ಸುದ್ದಿಲೋಕದಲ್ಲಿ ಬೇರೂರಿರುವದು ಅನ್ಯಾಯಕ್ಕೆ ಆಸ್ಪದಮಾಡಿಕೊಟ್ಟಿದೆಯೆಂಬುದು ನಮ್ಮ ವಿಚಾರ.

ಮೊದಲು ಈ ಶಬ್ದದ ಕುಲವೃತ್ತಾಂತವನ್ನು ತಿಳಿದುಕೊಳ್ಳೋಣ. ಇಂಗ್ಲೀಷಿನ ‘ಜಾಲಿ’ಯು ಮೂಲತಃ ಇಂಗ್ಲೀಷರದಲ್ಲ. ಹಳೆಯ ಫ್ರೆಂಚು ಭಾಷೆಯ ‘ಜೋಲಿಫ್’ ಎಂಬುದು ಕಡಲು ದಾಟಿ ಇಂಗ್ಲೆಂಡವನ್ನು ಸೇರಿತು. 14ನೆಯ ಶತಮಾನದ ಕವಿಯಾದ ಚಾಸರನ ಕಾವ್ಯದಲ್ಲಿ ಅದಕ್ಕೆ ಚೆಲುವ, ಶೋಕಿಯವ, ಪ್ರಣಯಚಪಲ ಎಂಬಿವೇ ಮೊದಲಾದ ಅರ್ಥಛಾಯೆಗಳಿವೆ. ಫ್ರಾನ್ಸದಲ್ಲಿ ಇಂದಿಗೂ ‘ಜೋಲಿ’ ಎಂದರೆ ಚಂದವಾದುದು ಎಂದಷ್ಟೇ ಅರ್ಥ. ಇಂಗ್ಲೆಂಡದಲ್ಲಿ ಮಾತ್ರ ಅದು ಬರಬರುತ್ತ ನಗುಮುಖದ, ಸಹವಾಸಪ್ರಿಯನಾದ ಮನುಷ್ಯನ ಗುಣವಾಚಕವಾಯಿತು. ಎರಡು ಗುಟುಕು ಹೆಚ್ಚಾಗಿ ಹಾಕಿಕೊಂಡವನನ್ನು ಮರ್ಯಾದೆಯಿಂದ ಹೆಸರಿಸುವದಕ್ಕೂ ಉಪಯೋಗಕ್ಕೆ ಬಂತು. ಮುಂದೆ ಅರ್ಥವೆಲ್ಲ ಸೋರಿಹೋಗಿ ‘ಬಹಳ’ ಎಂಬುದರ ಬದಲಿಗೆ ಬಳಸುವ ಬರಿಯ ಅವ್ಯಯವೂ ಆಯಿತು. ಕಚೇರಿಯ ಖರ್ಚಿನಲ್ಲಿ, ಕೆಲಸದ ನೆವದಿಂದ ಮಾಡುವ ವಿಹಾರಯಾತ್ರೆಗೂ ಅವರಲ್ಲಿ ಇದೇ ಹೆಸರುಂಟು. ಇದು ನಮ್ಮ ದೇಶದ ಅಧಿಕಾರಿವರ್ಗದವರಿಗೆ ಅಪರಿಚಿತವಾದ ಸಂಸ್ಥೆಯೇನೂ ಅಲ್ಲ. ಎಲ್ಲಕ್ಕೂ ವಿಚಿತ್ರವಾದ ಪ್ರಯೋಗವು ಬೇರೊಂದಿದೆ. 18ನೆಯ ಶತಮಾನದಲ್ಲಿ ಹಡಗುಗಳನ್ನು ಕೊಳ್ಳೆ ಹೊಡೆಯುತ್ತಿದ್ದ ಕಡಲುಗಳ್ಳರ ಬಾವುಟಕ್ಕೆ ಇಂಗ್ಲೀಷರು ಇಟ್ಟ ಹೆಸರು ‘ಜಾಲಿ ರಾಜರ್’. ಕರಿಯ ಬಟ್ಟೆಯ ಮೇಲೆ ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡಲಾಗಿ ಎರಡು ಎಲುಬು. ಹೆಸರು ಮಾತ್ರ ಉಲ್ಲಾಸದ್ದು! ಸಾವಿನ ಗುರುತಿಗೆ ನಗೆಯ ಹೆಸರಿಡುವ ಈ ಚಾಳಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸಂಗವು ಬರಲಿದೆ.

ಈ ಶಬ್ದವು ಕನ್ನಡಕ್ಕೆ ಬಂದಾಗ, ‘ಡಾಕ್ಟರ’, ‘ಲಾರಿ’ ಮೊದಲಾದವುಗಳಂತೆ ‘ಆ’ಕಾರವನ್ನು ಪಡೆದು ‘ಜಾಲಿ’ಯಾಯಿತು. ಹಾಗೆ ಬಂದ ಅತಿಥಿಗೆ ಇಲ್ಲಿ ಅದೇ ಹೆಸರಿನ ಹಳೆಯ ಮನೆಯೊಡೆಯನೊಬ್ಬನು ಎದುರಾದನು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಅಚ್ಚು ಹಾಕಿಸಿದ ಕಿಟೆಲ್ಲರ ಮಹಾಕೋಶವನ್ನು ತೆರೆದರೆ ಜಾಲಿಯೆಂದರೆ ಮುಳ್ಳಿನ ಮರ. ಪುರಂದರದಾಸರು ದುರ್ಜನರನ್ನು ಹೋಲಿಸಿದ್ದು ಈ ಜಾಲಿಯ ಮರಕ್ಕೇ ಎಂಬುದನ್ನು ಭಜನೆಯ ಮನೆಗಳಲ್ಲಿ ಬೆಳೆದ ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಆದರೂ ನಮ್ಮ ಎರೆಯ ಹೊಲಗಳ ಬದುವಿನಲ್ಲಿ ನಿಂತಿರುವ ಕರಿಜಾಲಿಯು ಉಪಯೋಗವಿಲ್ಲದ ಮರವೇನಲ್ಲ: ಅದರ ಗಟ್ಟಿಯಾದ ಕಟ್ಟಿಗೆಯಿಂದ ಒಕ್ಕಲುತನದ ಸಲಕರಣೆಗಳೂ ಚಕ್ಕಡಿಯ ಗಾಲಿಗಳೂ ಆಗುತ್ತಿದ್ದವು, ಅದರ ಕಾಯಿ ಆಡುಕುರಿಗಳಿಗೆ ಮೇವು, ಅದರ ಅಂಟಿಗೂ ಬೆಲೆಯುಂಟು. ಇದಲ್ಲದೆ ಇನ್ನೊಂದು ಜಾಲಿಯಿದೆ. ‘ಬಳ್ಳಾರಿ ಜಾಲಿ’ ಎಂದು ಜನರು ಕರೆಯುವ ಆ ಗಿಡವು ಬಳ್ಳಾರಿಯದೂ ಅಲ್ಲ, ಭಾರತದ್ದೂ ಅಲ್ಲ. ಅಮೇರಿಕಾ ಖಂಡದ ಒಣಭೂಮಿಯಿಂದ 19ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಗೆ ತಂದದ್ದು. ಬರಡು ನೆಲಕ್ಕೆ ಹಸುರು ಬರಲಿ, ಬಡವರಿಗೆ ಉರವಲು ಸಿಗಲಿ ಎಂದು ಅದನ್ನು ಹರಡಿದರು. ಉರವಲೇನೋ ಸಿಕ್ಕಿತು, ಆದರೆ ಅದು ಹಬ್ಬಿದಲ್ಲೆಲ್ಲ ನಾಡಿನ ಹುಲ್ಲುಗಾವಲುಗಳು ಅದರ ಕೆಳಗೆ ಸಿಕ್ಕು ನಶಿಸಿದವು. ಇಂಗ್ಲೀಷಿನ ‘ಜಾಲಿ’ಯು ನಮ್ಮ ಮಾತಿನಲ್ಲಿ ಹಬ್ಬಿರುವ ರೀತಿಯನ್ನು ನೋಡಿದರೆ ಈ ಎರಡನೆಯ ಜಾಲಿಯ ನೆನಪಾಗುತ್ತದೆ.

ಅದು ಹಬ್ಬಿರುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಇಂಗ್ಲೀಷಿನಲ್ಲಿ ಜಾಲಿಯೆಂಬುದು ಮುಖ್ಯವಾಗಿ ಮನುಷ್ಯನ ಸ್ವಭಾವವನ್ನು ಹೇಳುವ ವಿಶೇಷಣ. ಕನ್ನಡದಲ್ಲಿ ಅದು ನಾಮಪದವಾಗಿ, ‘ಮಾಡು’ ಎಂಬ ಕ್ರಿಯೆಯನ್ನು ಕೈಹಿಡಿದು, ಒಂದು ಕೆಲಸವೇ ಆಗಿಬಿಟ್ಟಿದೆ. ‘ಜಾಲಿ ಮಾಡೋಣ’, ‘ಫುಲ್ ಜಾಲಿ’, ‘ಜಾಲಿ ಮೂಡು’, ‘ಜಾಲಿ ಟ್ರಿಪ್ಪು’, ‘ಜಾಲಿ ರೈಡು’ — ಇವು ಇಂದಿನ ರೂಢಿಯ ಮಾತುಗಳು. 2009ರಲ್ಲಿ ‘ಜಾಲಿ ಡೇಸ್’, 2011ರಲ್ಲಿ ‘ಜಾಲಿ ಬಾಯ್’ ಎಂಬ ಹೆಸರಿನ ಕನ್ನಡ ಚಲಚ್ಚಿತ್ರಗಳೇ ಬಂದವು. ನೆರೆಯ ತಮಿಳರಲ್ಲಿಯೂ ಈ ಶಬ್ದವು ಮನೆಮಾತಾಗಿದೆ. ಹಾಗಾದರೆ ಅದರ ಅರ್ಥವೇನು? ಅದು ಎಲ್ಲಿ ಬರುವದಿಲ್ಲವೆಂಬುದನ್ನು ಗಮನಿಸಿದರೆ ಅರ್ಥವು ತಾನಾಗಿ ಹೊಳೆಯುತ್ತದೆ. ಹಿಂಗಾರಿ ಬೆಳೆ ಕೈಗೆ ಬಂದ ಒಕ್ಕಲಿಗನನ್ನು ಯಾರೂ ಜಾಲಿಯಾಗಿದ್ದಾನೆ ಎನ್ನುವದಿಲ್ಲ. ಮಗುವಿನ ಜ್ವರ ಇಳಿದ ಬೆಳಿಗ್ಗೆ ತಾಯಿಯ ಮುಖದಲ್ಲಿ ಕಾಣುವದು ಜಾಲಿಯಲ್ಲ. ಪಂಚಮಿಯ ಹಬ್ಬದಲ್ಲಿ ಜೋಕಾಲಿ ಜೀಕುವ ಹೆಣ್ಣುಮಕ್ಕಳಿಗೂ, ನೇಗಿಲು ಕಟ್ಟಿಟ್ಟು ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವ ಹಿರಿಯರಿಗೂ ಆ ಮಾತು ಸಲ್ಲುವದಿಲ್ಲ. ಜಾಲಿಗೆ ವಾಹನ ಬೇಕು, ಗೆಳೆಯರ ಗುಂಪು ಬೇಕು, ಕಿಸೆಯಲ್ಲಿ ದುಡ್ಡು ಬೇಕು. ಮತ್ತು ಹಿರಿಯರ ಕಣ್ಣು ಅಲ್ಲಿ ಇರಬಾರದು. ಒಟ್ಟಿನಲ್ಲಿ ಕನ್ನಡದ ಜಾಲಿಯೆಂದರೆ ಹೊಣೆಯನ್ನು ಕೆಲಹೊತ್ತು ಕೆಳಗಿಳಿಸಿಟ್ಟವನ ಖುಷಿ.

ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಪರೀಕ್ಷೆಗಳನ್ನು ಮುಗಿಸಿದ ವಿದ್ಯಾರ್ಥಿಗಳು ದಾಂಡೇಲಿಯ ಕಾಡಿಗೋ ಗೋವೆಯ ಕಡಲದಂಡೆಗೋ ಹೋದರೆ, ಸಂಜೆಯ ಹೊತ್ತು ಉಣಕಲ್ ಕೆರೆಯ ದಂಡೆಯ ಮೇಲೆ ಕೂತು ಗಟ್ಟಿಯಾಗಿ ನಕ್ಕರೆ, ಅದನ್ನು ಕಂಡು ಮುಖ ಗಂಟಿಕ್ಕುವ ಗುಂಪಿಗೆ ನಾವು ಸೇರಿದವರಲ್ಲ. ತಾರುಣ್ಯಕ್ಕೆ ಅಷ್ಟು ಸಲುಗೆ ಇರತಕ್ಕದ್ದೇ. ನಗುವದನ್ನು ಮರೆತ ಜನಾಂಗವು ಯಾವ ಕಾರ್ಯವನ್ನೂ ಸಾಧಿಸಲಾರದು.

ಪರಭಾಷೆಯ ಶಬ್ದವೆಂಬ ಒಂದೇ ಕಾರಣದಿಂದ ನಾವು ಇದನ್ನು ವಿರೋಧಿಸುತ್ತಿದ್ದೇವೆಂದೂ ಯಾರೂ ಭಾವಿಸಬಾರದು. ಹುಬ್ಬಳ್ಳಿ-ಧಾರವಾಡದ ಕನ್ನಡವು ಪರದೇಶದ ಶಬ್ದಗಳನ್ನು ಮನೆಯ ಮಕ್ಕಳಂತೆ ಸಾಕಿದ ಕನ್ನಡ. ‘ಖುಷಿ’ಯು ಪಾರ್ಸಿಯಿಂದ ಬಂದದ್ದು. ‘ಮಜಾ’ ಎಂಬುದರ ಮೂಲದಲ್ಲಿರುವ ಅರ್ಥ ರುಚಿ. ‘ಉಮೇದು’ ಎಂದರೆ ಅದರ ತವರಿನಲ್ಲಿ ಆಶೆ. ನಮ್ಮಲ್ಲಿ ಅದು ಕೆಲಸಕ್ಕೆ ಮೈಮುರಿದು ನಿಲ್ಲುವವನ ಹುಮ್ಮಸ್ಸಾಯಿತು, ಚುನಾವಣೆಗೆ ನಿಂತವನು ‘ಉಮೇದುವಾರ’ನಾದನು. ‘ಮಸ್ತ’ ಎಂಬ ಶಬ್ದದ ಕಥೆಯಂತೂ ಹೆಚ್ಚು ಬೋಧಪ್ರದವಾಗಿದೆ. ಪಾರ್ಸಿಯಲ್ಲಿ ಅದರ ಅರ್ಥ ಅಮಲೇರಿದವನು. ಧಾರವಾಡದ ಗೃಹಿಣಿಯು ಜೋಳದ ರೊಟ್ಟಿಯೊಡನೆ ಎಣಗಾಯಿಯನ್ನು ಬಡಿಸಿದಾಗ ಉಂಡವನು ‘ಮಸ್ತ ಆಗೇತಿ’ ಎಂದರೆ ಅಲ್ಲಿ ಅಮಲಿನ ವಾಸನೆಯೂ ಇಲ್ಲ. ನಮ್ಮ ಜನರು ಆ ಶಬ್ದವನ್ನು ಅಂಗಡಿಯ ಪಡಸಾಲೆಯಿಂದ ಎತ್ತಿ ತಂದು ಅಡಿಗೆಯ ಮನೆಯಲ್ಲಿ ಕೂಡಿಸಿದ್ದಾರೆ. ಶಬ್ದಕ್ಕೆ ಹುಟ್ಟಿನಿಂದ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಬಳಸುವವರ ನಡತೆಯಿಂದಲೇ ಅದಕ್ಕೆ ಗತಿ ದೊರೆಯುತ್ತದೆ. ಆದುದರಿಂದಲೇ ‘ಜಾಲಿ’ಯನ್ನು ಬಳಸುವವರ, ಅದರಲ್ಲಿಯೂ ಅಚ್ಚಿನಲ್ಲಿ ಬಳಸುವವರ ನಡತೆಯನ್ನು ಕುರಿತು ನಾವು ಕೇಳುತ್ತಿರುವೆವು.

ಒಂದೇ ಶಬ್ದವು ಎಲ್ಲ ಸ್ಥಳಗಳನ್ನೂ ಆಕ್ರಮಿಸಿದಾಗ ಕಳೆದುಹೋಗುವದೇನು ಎಂಬುದನ್ನೂ ಯೋಚಿಸಬೇಕು. ಸಂತೋಷದ ವಿಷಯದಲ್ಲಿ ಕನ್ನಡವು ಬಡಭಾಷೆಯಲ್ಲ. ಹಿಗ್ಗು ಒಳಗಿನಿಂದ ಉಬ್ಬುವದು. ನಲಿವು ಮೈಯಲ್ಲಿ ಕುಣಿಯುವದು. ಹುರುಪು ಕೆಲಸಕ್ಕೆ ಕೈಹಾಕಿಸುವದು. ಲವಲವಿಕೆಯು ಚಿಕ್ಕ ಮಕ್ಕಳಲ್ಲಿಯೂ ಚುರುಕಾದ ಮುದುಕರಲ್ಲಿಯೂ ಸಮನಾಗಿ ಕಾಣುವದು. ಇವೆಲ್ಲಕ್ಕಿಂತಲೂ ಮೇಲಾದದ್ದು ‘ಗೆಲವು’. ಯುದ್ಧದಲ್ಲಿಯ ಜಯಕ್ಕೂ, ಮುಖದ ಮೇಲಿನ ಪ್ರಸನ್ನತೆಗೂ ಕನ್ನಡಿಗನು ಒಂದೇ ಹೆಸರಿಟ್ಟಿದ್ದಾನೆ. ಬೇನೆಯಿಂದ ಎದ್ದವನನ್ನು ಕಂಡು ‘ಇವತ್ತು ಗೆಲವಾಗಿ ಕಾಣತೀರಿ’ ಎಂದು ನೆರೆಯವರು ಅನ್ನುವಾಗ ಅದರಲ್ಲಿ ಎರಡು ಅರ್ಥಗಳೂ ಕೂಡಿಕೊಂಡಿರುತ್ತವೆ. ಕಷ್ಟವು ಎದುರಿಗಿತ್ತು, ಅದನ್ನು ದಾಟಿ ಬಂದನು, ಆದುದರಿಂದ ಮುಖವು ಅರಳಿದೆ. ಜಾಲಿಯ ಖುಷಿಯು ಹೊಣೆಯನ್ನು ಇಳಿಸಿಟ್ಟವನದಾದರೆ, ಗೆಲವಿನ ಖುಷಿಯು ಹೊಣೆಯನ್ನು ಹೊತ್ತು ದಡ ಸೇರಿದವನದು. ಎರಡಕ್ಕೂ ಬಾಳಿನಲ್ಲಿ ಸ್ಥಾನವಿದೆ. ಆದರೆ ಮೊದಲನೆಯದು ಎರಡನೆಯದರ ಜಾಗವನ್ನೂ ನುಂಗಿದರೆ, ದುಡಿಮೆಯಲ್ಲಿಯೂ ಸಂತೋಷವಿದೆಯೆಂಬ ತಿಳಿವಳಿಕೆಯೇ ಮಕ್ಕಳ ಬಾಯಿಂದ ಜಾರಿಹೋದೀತು.

ಇನ್ನು ದುರುಪಯೋಗದ ಪ್ರಸಂಗಗಳಿಗೆ ಬರೋಣ. ‘ಜೈಲು’ ಎಂಬುದಕ್ಕೆ ‘ಜಾಲಿ’ ಎಂಬ ಪ್ರಾಸವು ಸುಲಭವಾಗಿ ಸಿಗುತ್ತದೆ. ಸುಲಭವಾಗಿ ಸಿಕ್ಕಿದ ಪ್ರಾಸವನ್ನು ಬಿಡುವ ವೈರಾಗ್ಯವು ತಲೆಬರಹ ಕಟ್ಟುವವರಲ್ಲಿ ವಿರಳ. 2024ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರದ ಸೆರೆಮನೆಯಿಂದ ಒಂದು ಭಾವಚಿತ್ರವು ಹೊರಬಿದ್ದಿತು. ಕೊಲೆಯ ಆರೋಪದಲ್ಲಿ ವಿಚಾರಣೆಯನ್ನು ಎದುರಿಸುತ್ತಿದ್ದ ಹೆಸರಾಂತ ನಟರೊಬ್ಬರು ಹುಲ್ಲುಹಾಸಿನ ಮೇಲೆ ಕುರ್ಚಿಯಲ್ಲಿ ಕುಳಿತು, ಕೈಯಲ್ಲಿ ಸಿಗರೇಟು ಹಿಡಿದು, ಇತರ ಬಂದಿಗಳೊಡನೆ ವಿರಮಿಸುತ್ತಿದ್ದ ದೃಶ್ಯವದು. ಸೆರೆಮನೆಯ ಹಲವು ಅಧಿಕಾರಿಗಳು ಅಮಾನತ್ತಾದರು. ನಟರನ್ನು ಬಳ್ಳಾರಿಯ ಸೆರೆಮನೆಗೆ ಒಯ್ದರು. ಇಂಥ ಪ್ರಸಂಗದಲ್ಲಿ ನಾಡಿನ ಎದುರಿಗೆ ಇರುವ ಪ್ರಶ್ನೆಗಳು ಬಹು ಗಂಭೀರವಾದವು. ಧನವೂ ಕೀರ್ತಿಯೂ ಉಳ್ಳವನಿಗೆ ಒಂದು ಸೆರೆಮನೆ, ಜಾಮೀನಿಗೆ ಹಣವಿಲ್ಲದ ಬಡವನಿಗೆ ಇನ್ನೊಂದು ಸೆರೆಮನೆಯೇ? ಕಾವಲುಗಾರರನ್ನು ಕಾಯುವವರಾರು? ಆರೋಪವು ಸಿದ್ಧವಾಗುವದೋ ಇಲ್ಲವೋ ಅದು ನ್ಯಾಯಾಸ್ಥಾನದ ಕೆಲಸ. ಸೆರೆಮನೆಯ ನಿಯಮವು ಎಲ್ಲ ಬಂದಿಗಳಿಗೂ ಒಂದೇ ಆಗಿದೆಯೋ ಇಲ್ಲವೋ ಎಂಬುದು ಮಾತ್ರ ಪ್ರಜೆಗಳೆಲ್ಲರ ಕೆಲಸ. ಇಂಥ ಪ್ರಶ್ನೆಯ ನೆತ್ತಿಯ ಮೇಲೆ ‘ಜಾಲಿ’ಯೆಂಬ ಕಾಗದದ ಹೂವನ್ನು ಮುಡಿಸಿದರೆ, ಓದುಗನು ಒಮ್ಮೆ ಮುಗುಳ್ನಕ್ಕು ಪುಟವನ್ನು ತಿರುವಿಹಾಕುವನು. ಲಂಚದ ಸುದ್ದಿಯು ವಿನೋದದ ಸುದ್ದಿಯಾಗಿ ಮುಗಿಯುವದು.

ಸೆರೆಮನೆಯಲ್ಲಿ ಸಂತೋಷವು ಇರಲೇಬಾರದೆಂದು ನಮ್ಮ ಅಭಿಪ್ರಾಯವಲ್ಲ. 1932ರಲ್ಲಿ ‘ನರಬಲಿ’ ಎಂಬ ಕವಿತೆಗಾಗಿ ನಮ್ಮ ಸಾಧನಕೇರಿಯ ಬೇಂದ್ರೆಯವರು ಸೆರೆವಾಸವನ್ನು ಕಂಡು, ಆಮೇಲೆ ಮುಗದದಲ್ಲಿ ನಿರ್ಬಂಧದಲ್ಲಿದ್ದರು. ಅದೇ ಕಾಲದಲ್ಲಿ ಈ ಭಾಗದ ನೂರಾರು ಜನರು ಹಿಂಡಲಗಿ, ಯೆರವಡಾಗಳ ಗೋಡೆಗಳ ಒಳಗೆ ದಿನಗಳನ್ನು ಕಳೆದರು. ಅವರಲ್ಲಿ ಗೆಲವು ಇದ್ದಿಲ್ಲವೆಂದು ಯಾರು ಅನ್ನಬಲ್ಲರು? ಆದರೆ ಅವರ ಗೆಲವಿಗೂ, ದುಡ್ಡು ಕೊಟ್ಟು ಕೊಂಡ ಸವಲತ್ತಿಗೂ ಒಂದೇ ಶಬ್ದವು ಸಾಲದೆಂಬುದಷ್ಟೇ ನಮ್ಮ ಮಾತು.

ಇದಕ್ಕಿಂತ ನೂರುಪಟ್ಟು ಘೋರವಾದದ್ದು ರಸ್ತೆಯ ಪ್ರಸಂಗ. ಇಂಗ್ಲೀಷಿನಲ್ಲಿ ‘ಜಾಯ್ ರೈಡ್’ ಎಂಬುದೊಂದು ಮಾತಿದೆ. 20ನೆಯ ಶತಮಾನದ ಮೊದಲಿಗೆ, ಮೋಟಾರುಗಳು ಹೊಸತಾಗಿದ್ದ ಅಮೇರಿಕೆಯಲ್ಲಿ ಅದು ಹುಟ್ಟಿತು. ಬರಬರುತ್ತ, ಇನ್ನೊಬ್ಬರ ವಾಹನವನ್ನು ಅಪ್ಪಣೆಯಿಲ್ಲದೆ ಒಯ್ದು ಹುಚ್ಚಾಪಟ್ಟೆ ಓಡಿಸುವ ಅಪರಾಧಕ್ಕೇ ಅಲ್ಲಿಯ ಜನರು ಆ ಹೆಸರನ್ನು ಕೊಟ್ಟರು. ಅದು ಕನ್ನಡಕ್ಕೆ ‘ಜಾಲಿ ರೈಡ್’ ಆಗಿ ಬಂದಿತು. ಬಂದದ್ದೇ ತಡ, ಸಿಕ್ಕದ್ದನ್ನೆಲ್ಲ ಒಳಗೆ ಹಾಕಿಕೊಳ್ಳುವ ಜೋಳಿಗೆಯಾಯಿತು. ಮಂತ್ರಿಗಳು ಮೋಟಾರ್ ಸೈಕಲ್ಲನ್ನು ಏರಿದರೆ ಜಾಲಿ ರೈಡು. ಮಕ್ಕಳು ತೇರಿನ ಜಾತ್ರೆಯಲ್ಲಿ ತೊಟ್ಟಿಲು ಹತ್ತಿದರೆ ಜಾಲಿ ರೈಡು. ಕಳ್ಳರು ಕದ್ದ ದ್ವಿಚಕ್ರವಾಹನದಲ್ಲಿ ಊರು ಸುತ್ತಿದರೆ ಜಾಲಿ ರೈಡು. ಮೀಸೆ ಮೂಡದ ಬಾಲಕನು ತಂದೆಯ ಕಾರನ್ನು ಒಯ್ದು ದಾರಿಹೋಕನ ಮೇಲೆ ಹಾಯಿಸಿದರೂ ಜಾಲಿ ರೈಡು! ತಲೆಬುರುಡೆಯ ಬಾವುಟಕ್ಕೆ ಉಲ್ಲಾಸದ ಹೆಸರಿಟ್ಟ ಕಡಲುಗಳ್ಳರ ಕಾಲದ ಚಾಳಿಯು ನಮ್ಮ ಹೆದ್ದಾರಿಗಳ ಮೇಲೆ ಹೀಗೆ ಮರಳಿ ಕಾಣಿಸಿಕೊಂಡಿದೆ.

ಈ ಶಬ್ದದಿಂದ ಆಗುವ ಅನ್ಯಾಯವು ಎರಡು ಬಗೆಯದು. ಅಪರಾಧಿಗೆ ಅದು ಆಶ್ರಯ ಕೊಡುತ್ತದೆ. ನಿರಪರಾಧಿಗೆ ಕಳಂಕವನ್ನು ಹಚ್ಚುತ್ತದೆ. ಒಂದೊಂದನ್ನೂ ಬೇರೆಬೇರೆಯಾಗಿ ನೋಡೋಣ.

ನಮ್ಮೂರಿನ ಬದಿಯ ಹೆದ್ದಾರಿಯನ್ನೇ ಹಿಡಿದು ಉತ್ತರಕ್ಕೆ ಹೋದರೆ ಸಿಗುವ ಪುಣೆಯಲ್ಲಿ, 2024ರ ಮೇ 19ರ ನಸುಕಿನಲ್ಲಿ, 17 ವರ್ಷದ ಬಾಲಕನು ಓಡಿಸುತ್ತಿದ್ದನೆನ್ನಲಾದ ಭಾರೀ ಬೆಲೆಯ ಕಾರು ಮೋಟಾರ್ ಸೈಕಲ್ಲಿಗೆ ಅಪ್ಪಳಿಸಿ ಇಬ್ಬರು ತರುಣ ಇಂಜಿನಿಯರರು ಮೃತರಾದರು. ಬಾಲನ್ಯಾಯ ಮಂಡಳಿಯು ಮೊದಲಿಗೆ ಜಾಮೀನು ಕೊಡುವಾಗ ವಿಧಿಸಿದ ಕರಾರುಗಳಲ್ಲಿ, ರಸ್ತೆ ಅಪಘಾತಗಳ ಮೇಲೆ 300 ಶಬ್ದಗಳ ಪ್ರಬಂಧವನ್ನು ಬರೆಯಬೇಕೆಂಬುದೂ ಒಂದಾಗಿತ್ತು. ದೇಶವೆಲ್ಲ ಕೆರಳಿ ನಿಂತಿತು. ಅಷ್ಟು ದೊಡ್ಡ ಕೋಲಾಹಲವು ಎದ್ದುದರಿಂದ ಆ ಪ್ರಕರಣಕ್ಕೆ ತಕ್ಕ ಗಾಂಭೀರ್ಯವು ದೊರೆಯಿತು. ಕೋಲಾಹಲವೇಳದ ಸಣ್ಣ ಊರುಗಳ ಪ್ರಕರಣಗಳ ಗತಿಯೇನು? ಅವುಗಳಿಗೆ ಮೂರು ಸಾಲಿನ ಸುದ್ದಿ, ಮೇಲೆ ‘ಜಾಲಿ ರೈಡ್’ ಎಂಬ ಪಟ್ಟಿ. ಕಾಯದೆಯ ಕಣ್ಣಿನಲ್ಲಿ ಇದು ಜಾಲಿಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಿನ ಮೇರೆಗೆ ಸಾರ್ವಜನಿಕ ಮಾರ್ಗದಲ್ಲಿ ದುಡುಕಿನಿಂದ ವಾಹನ ಓಡಿಸುವದಕ್ಕೆ 6 ತಿಂಗಳವರೆಗಿನ ಸೆರೆವಾಸವಿದೆ. ಅಂಥ ದುಡುಕಿನಿಂದ ಮರಣ ಸಂಭವಿಸಿದರೆ 106ನೆಯ ಕಲಮಿನ ಮೇರೆಗೆ 5 ವರ್ಷಗಳವರೆಗೆ ಶಿಕ್ಷೆಯಾಗಬಹುದು. 2019ರ ತಿದ್ದುಪಡಿಯಿಂದ ಮೋಟಾರು ವಾಹನಗಳ ಕಾಯದೆಗೆ ಸೇರಿದ 199-ಅ ಕಲಮಂತೂ ಅಪ್ರಾಪ್ತ ವಯಸ್ಕರ ತಂದೆತಾಯಿಗಳು ನಿತ್ಯವೂ ಓದಿಕೊಳ್ಳತಕ್ಕದ್ದು. ಬಾಲಕನು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ 3 ವರ್ಷಗಳವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿಯು 12 ತಿಂಗಳು ರದ್ದು. ಆ ಬಾಲಕನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಇಲ್ಲ. ಶಾಸನಕರ್ತರು ಇಷ್ಟು ಕಠಿಣವಾದ ಭಾಷೆಯಲ್ಲಿ ಬರೆದಿಟ್ಟದ್ದನ್ನು ಸುದ್ದಿಯ ಭಾಷೆಯು ಆಟವನ್ನಾಗಿ ಮಾಡಿ ಹೇಳಿದರೆ, ಕೀಲಿಕೈಯನ್ನು ಮಗನ ಕೈಗೆ ಕೊಡುವ ತಂದೆಗೆ ತಾನು ಅಪರಾಧದಲ್ಲಿ ಪಾಲುಗಾರನೆಂಬ ಅಳುಕು ಹುಟ್ಟುವದಾದರೂ ಹೇಗೆ? ಮಗನು ಜಾಲಿಗೆ ಹೋಗಿದ್ದಾನೆ ಎಂದಷ್ಟೇ ಅವನು ತಿಳಿಯುತ್ತಾನೆ.

ಎರಡನೆಯ ಅನ್ಯಾಯವು ಇದಕ್ಕಿಂತ ಸೂಕ್ಷ್ಮವಾದದ್ದು. 2021ರ ಜನವರಿ 15ರ ಬೆಳಿಗ್ಗೆ, ಸಂಕ್ರಾಂತಿಯ ಮರುದಿನ, ಹುಬ್ಬಳ್ಳಿ-ಧಾರವಾಡ ಬೈಪಾಸಿನ ಮೇಲೆ ಇಟಿಗಟ್ಟಿಯ ಹತ್ತಿರ ನಡೆದ ದುರಂತವನ್ನು ಈ ಭಾಗದವರು ಮರೆತಿರಲಾರರು. ದಾವಣಗೆರೆಯ ಶಾಲಾ ಗೆಳತಿಯರು, ಎಳೆಯ ವಯಸ್ಸಿನ ಸ್ನೇಹವನ್ನು ಸಂಸಾರದ ನಡುವೆಯೂ ಉಳಿಸಿಕೊಂಡವರು, ಒಂದೇ ವಾಹನದಲ್ಲಿ ಗೋವೆಗೆ ಹೊರಟಿದ್ದರು. ಎದುರಿನಿಂದ ಬಂದ ಟಿಪ್ಪರಿಗೂ ಅವರ ವಾಹನಕ್ಕೂ ಢಿಕ್ಕಿಯಾಗಿ ಹತ್ತಕ್ಕಿಂತ ಹೆಚ್ಚು ಜನರು ಪ್ರಾಣವನ್ನು ಕಳೆದುಕೊಂಡರು. ಎರಡೂ ಕಡೆಗೆ ಅಗಲವಾದ ಹೆದ್ದಾರಿಯಿದ್ದು, ನಡುವಿನ ಈ ಸುಮಾರು 30 ಕಿಲೋಮೀಟರಿನ ತುಂಡು ಮಾತ್ರ ಆಗ ಎರಡೇ ಪಥದ, ನಡುವೆ ವಿಭಜಕವಿಲ್ಲದ ದಾರಿಯಾಗಿತ್ತು. ಈ ದಾರಿಯು ಅದಕ್ಕೂ ಮುಂಚೆ ಎಷ್ಟೋ ಮನೆಗಳ ದೀಪಗಳನ್ನು ಆರಿಸಿತ್ತು. ಅದನ್ನು ಅಗಲಮಾಡಿರೆಂದು ಜನರು ಕೂಗಿಟ್ಟಿದ್ದರು. ಆ ಗೆಳತಿಯರು ನಗುನಗುತ್ತ ಹೊರಟದ್ದು ನಿಜ. ವರ್ಷಕ್ಕೊಮ್ಮೆ ಮನೆಯ ಹೊಣೆಯನ್ನು ಇಳಿಸಿಟ್ಟು ನಗುವ ಹಕ್ಕು ದುಡಿಯುವ ಹೆಣ್ಣುಮಕ್ಕಳಿಗೆ ಇಲ್ಲವೆಂದು ಹೇಳುವವನು ಮನುಷ್ಯನಲ್ಲ. ಇಂಥವರ ಸಾವಿನ ಸುದ್ದಿಯ ಮೇಲೆ ಯಾವನಾದರೂ ‘ಜಾಲಿ’ಯ ಪಟ್ಟಿಯನ್ನು ಅಂಟಿಸಿದರೆ ಏನಾಗುವದು? ಓದುವವನ ಮನಸ್ಸಿನಲ್ಲಿ, ‘ಅವರಿಗೆ ಯಾಕೆ ಬೇಕಿತ್ತು’ ಎಂಬ ಮಾತು ತಾನಾಗಿ ಮೂಡುವದು. ಇಕ್ಕಟ್ಟಾದ ದಾರಿಯ ತಪ್ಪೂ, ಅದನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟವರ ತಪ್ಪೂ ಮಾಯವಾಗಿ, ನಗುವದಕ್ಕೆ ಹೊರಟವರದೇ ತಪ್ಪೆಂದು ಆಗುವದು. ಯಾತ್ರೆಗೆ ಹೊರಟು ಸತ್ತರೆ ಅನುಕಂಪ, ವಿಹಾರಕ್ಕೆ ಹೊರಟು ಸತ್ತರೆ ಉಪದೇಶ ಎಂಬ ಈ ಪಂಕ್ತಿಭೇದವು ಯಾವ ಧರ್ಮದ್ದು?

ಒಂದೇ ಶಬ್ದವು ಕೊಂದವನನ್ನು ಹಗುರಮಾಡಿ, ಸತ್ತವರ ಮೇಲೆ ಭಾರವನ್ನು ಹೊರಿಸುತ್ತದೆ. ಇದಕ್ಕಾಗಿಯೇ ನಾವು ಅದನ್ನು ಸುದ್ದಿಯ ಅಂಕಣದಿಂದ ಹೊರಗಿಡಬೇಕೆಂದು ಹೇಳುತ್ತಿರುವದು.

ಇದಕ್ಕೆ ಕೆಲವು ಆಕ್ಷೇಪಗಳು ಬರಬಹುದು. ತಲೆಬರಹಕ್ಕೆ ಚಿಕ್ಕ ಶಬ್ದವೇ ಬೇಕು, ಜನರಿಗೆ ತಿಳಿಯುವ ಶಬ್ದವೇ ಬೇಕು ಎಂಬುದು ಮೊದಲನೆಯದು. ‘ದುಡುಕು’ ಎಂಬುದಕ್ಕೆ ಮೂರೇ ಅಕ್ಷರ, ‘ಅತಿವೇಗ’ಕ್ಕೆ ನಾಲ್ಕು. ‘ಜಾಲಿ ರೈಡ್’ ಎಂಬುದು ಇವೆರಡಕ್ಕಿಂತಲೂ ಚಿಕ್ಕದೇನೂ ಅಲ್ಲ. ಜನರಿಗೆ ತಿಳಿಯದ ಶಬ್ದಗಳೇನೂ ಇವಲ್ಲ. ಕನ್ನಡದ ಶಬ್ದವನ್ನು ಇಟ್ಟರೆ ಹೊಸ ಕಾಲದವರಿಗೆ ರುಚಿಸದೆಂಬುದು ಎರಡನೆಯ ಆಕ್ಷೇಪ. 2018ರಲ್ಲಿ ನಮ್ಮ ಎರಡು ಊರುಗಳ ನಡುವೆ ಓಡಲಾರಂಭಿಸಿದ ತ್ವರಿತ ಸಾರಿಗೆಯ ಬಸ್ಸುಗಳಿಗೆ ‘ಚಿಗರಿ’ಯೆಂದು ಹೆಸರಿಟ್ಟಾಗಲೂ ಹೀಗೆಯೇ ಅನ್ನಬಹುದಾಗಿತ್ತು. ಇಂದು ಕಾಲೇಜಿನ ಹುಡುಗಿಯೂ ಕಚೇರಿಯ ಕಾರಕೂನನೂ ‘ಚಿಗರಿ ಬಂತೇನು’ ಎಂದೇ ಕೇಳುತ್ತಾರೆ. ಹೊಲದಲ್ಲಿ ಜಿಗಿಯುವ ಪ್ರಾಣಿಯ ಹೆಸರು ಡಾಂಬರಿನ ದಾರಿಗೂ ಒಪ್ಪಿತು. ತಕ್ಕ ಮಾತನ್ನು ತಕ್ಕ ಸ್ಥಳದಲ್ಲಿ ಧೈರ್ಯದಿಂದ ಇಟ್ಟರೆ ಜನರು ಅದನ್ನು ಎತ್ತಿಕೊಳ್ಳುತ್ತಾರೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಾಗಿಲ್ಲ. ಒಂದು ಶಬ್ದವನ್ನು ತೆಗೆದುಹಾಕಿದ ಮಾತ್ರಕ್ಕೆ ಅಪಘಾತಗಳು ನಿಲ್ಲುವವೇ ಎಂದು ಮೂರನೆಯವರು ಕೇಳಬಹುದು. ನಿಲ್ಲಲಾರವು. ದಾರಿ ಅಗಲವಾಗಬೇಕು, ಪೋಲೀಸರು ಕಾಯದೆಯನ್ನು ನಡಿಸಬೇಕು, ಶಿರಸ್ತ್ರಾಣವು ತಲೆಯ ಮೇಲೆ ಇರಬೇಕು. ಆದರೆ ರೋಗವನ್ನು ರೋಗವೆಂದು ಕರೆಯದ ಮನೆಗೆ ವೈದ್ಯನು ಬರುವದಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಇಷ್ಟೇ. ಪತ್ರಿಕೆಗಳವರೂ ಸುದ್ದಿವಾಹಿನಿಗಳವರೂ ಮರಣ, ಗಾಯ, ಕಳವು ಇವುಗಳ ಸುದ್ದಿಯಲ್ಲಿ ‘ಜಾಲಿ’ ಎಂಬುದನ್ನು ಬಳಸಬಾರದು. ದುಡುಕಿನ ಚಾಲನೆಯಿದ್ದರೆ ದುಡುಕಿನ ಚಾಲನೆಯೆನ್ನಲಿ. ಕದ್ದ ವಾಹನವಿದ್ದರೆ ಕದ್ದ ವಾಹನವೆನ್ನಲಿ. ಬಾಲಕನ ಕೈಗೆ ವಾಹನ ಕೊಟ್ಟವರಿದ್ದರೆ ಅದನ್ನೇ ಹೇಳಲಿ. ಪ್ರವಾಸಿಗಳು ಸತ್ತಿದ್ದರೆ ಪ್ರವಾಸಿಗಳು ಸತ್ತರೆಂದು ಬರೆಯಲಿ. ಪೋಲೀಸು ಅಧಿಕಾರಿಗಳು ಪತ್ರಿಕೆಗಳಿಗೆ ಕೊಡುವ ಪ್ರಕಟಣೆಗಳಲ್ಲಿ ಕಲಮಿನ ಸಂಖ್ಯೆಯ ಜೊತೆಗೆ ಅಪರಾಧದ ಹೆಸರನ್ನೂ ತಿಳಿಗನ್ನಡದಲ್ಲಿ ಬರೆದು ಕಳಿಸಿದರೆ ಬಾತಮೀದಾರರ ಕೆಲಸವು ಸುಲಭವಾಗುವದು. ಶಾಲೆಕಾಲೇಜುಗಳ ಉಪಾಧ್ಯಾಯರು ವರ್ಷದಲ್ಲಿ ಒಂದು ದಿನವಾದರೂ ಸಂತೋಷವಾಚಕವಾದ ಕನ್ನಡ ಶಬ್ದಗಳನ್ನು ವಿದ್ಯಾರ್ಥಿಗಳಿಂದ ಕೂಡಿಹಾಕಿಸಿ, ಹಿಗ್ಗಿಗೂ ಹುರುಪಿಗೂ, ಖುಷಿಗೂ ಗೆಲವಿಗೂ ಇರುವ ಭೇದವನ್ನು ಅವರ ಬಾಯಿಂದಲೇ ಹೇಳಿಸಲಿ. 1890ರಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿದ ಊರಿನಲ್ಲಿ ಇದು ಆಗದ ಕೆಲಸವಲ್ಲ.

ತರುಣರಿಗೆ ನಾವು ಹೇಳುವದು ಇನ್ನೂ ಕಡಿಮೆ. ನೀವು ಜಾಲಿಯಾಗಿ ಹೊರಡಿರಿ. ಆ ಶಬ್ದವನ್ನು ನಿಮ್ಮ ಬಾಯಿಂದ ಕಸಿದುಕೊಳ್ಳುವ ಇಚ್ಛೆ ನಮಗಿಲ್ಲ. ಆದರೆ ನಿಮ್ಮ ವಾಹನದ ಎದುರಿಗೆ ಬರುವವನೂ ಒಂದು ಮನೆಯಿಂದ ಹೊರಟವನೇ, ಅವನಿಗಾಗಿಯೂ ಅಡಿಗೆ ಮಾಡಿಟ್ಟು ಕಾಯುವವರು ಇದ್ದಾರೆ ಎಂಬುದು ಕೀಲಿಕೈಯನ್ನು ತಿರುಗಿಸುವಾಗ ನೆನಪಿರಲಿ. ಅವನೂ ನೀವೂ ಅಂದಿನ ರಾತ್ರಿ ಗೆಲವಾಗಿ ಮನೆಗೆ ಮುಟ್ಟಿದರೆ, ಮರುದಿನದ ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಯಾವ ಶಬ್ದವನ್ನು ಬರೆಯಬೇಕೆಂಬ ಪ್ರಶ್ನೆಯೇ ಏಳುವದಿಲ್ಲ.